ಪದಚರ್ಚೆ: ‘ಅನುಮಾನದ ಕಡತವನ್ನು ತೆಗೆಯಬೇಡಿ’ ಎಂದರೆ ತೆರೆಯಬಾರದೋ, ಅಳಿಸಬಾರದೋ?

ಬಲ್ಲವರಲ್ಲಿ ಒಂದು ಕೇಳಿಕೆ.

ಕಂಪ್ಯೂಟರಿನಲ್ಲಿ ವೈರಸ್ ಇರಬಹುದೆಂಬ ಅನುಮಾನ ಹುಟ್ಟಿದಾಗ ಏನು ಮಾಡಬೇಕು, ಸ್ವಂತ ಫೋಟೊ, ಪತ್ರ, ಲೆಕ್ಕಪತ್ರಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ತಿಳಿಸುವ ಪುಟ್ಟ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ತಂತ್ರಜ್ಞರಲ್ಲ. ಪರದೆಯ ಮೇಲೆ ಕೆಂಪು ಎಚ್ಚರಿಕೆ ಕಂಡು ಗಾಬರಿಗೊಂಡವರು, ಒಂದು ವಾಕ್ಯವನ್ನು ಎರಡನೆಯ ಸಲ ಓದುವಷ್ಟು ಸಮಾಧಾನ ಇಲ್ಲದವರು. ವೈರಸ್‌ಗೆ ವೈರಾಣು ಎನ್ನಬೇಕೇ ಕುತಂತ್ರಾಂಶ ಎನ್ನಬೇಕೇ ಎಂಬ ವಾದ ಹಳೆಯದು, ಅದರಿಂದ ಯಾರ ಕಡತವೂ ಹಾಳಾಗುವುದಿಲ್ಲ. ನನ್ನನ್ನು ಕಾಡುತ್ತಿರುವುದು ಕ್ರಿಯಾಪದಗಳು. ಬರೆಯುತ್ತ ಹೋದಂತೆ, ಈ ವಿಷಯದಲ್ಲಿ ನಾವು ದಿನವೂ ಬಳಸುವ ಸರಳ ಕ್ರಿಯಾಪದಗಳೇ ಓದುಗನನ್ನು ಹಳ್ಳಕ್ಕೆ ತಳ್ಳಬಲ್ಲವು ಎನಿಸತೊಡಗಿದೆ.

ಮೊದಲನೆಯದು ‘ತೆಗೆ’. ಬಾಗಿಲು ತೆಗೆ ಎಂದರೆ ತೆರೆ. ಮುಳ್ಳು ತೆಗೆ ಎಂದರೆ ಕಿತ್ತು ಹೊರಹಾಕು. ತರಗತಿಯಲ್ಲಿ ಮೇಷ್ಟ್ರು ‘ಪುಸ್ತಕ ತೆಗೆಯಿರಿ’ ಎಂದಾಗ ಚೀಲದಿಂದ ಹೊರಗೆ ತೆಗೆಯುವುದೂ ಆಯಿತು, ಪುಟ ಬಿಚ್ಚುವುದೂ ಆಯಿತು. ಈಗ ‘ಅಪರಿಚಿತರಿಂದ ಬಂದ ಕಡತವನ್ನು ತೆಗೆಯಬೇಡಿ’ ಎಂದು ಬರೆಯಿರಿ. ಒಬ್ಬ ಓದುಗ ಅದನ್ನು ತೆರೆಯದೆ ಬಿಡುತ್ತಾನೆ. ಇನ್ನೊಬ್ಬ, ಅಳಿಸಬಾರದೆಂದು ಹೇಳಿದ್ದಾರಲ್ಲ ಎಂದುಕೊಂಡು ಅದನ್ನು ಹಾಗೆಯೇ ಇಟ್ಟುಕೊಂಡು, ನಾಳೆ ಕುತೂಹಲ ತಡೆಯಲಾರದೆ ಅದರ ಮೇಲೆ ಒತ್ತುತ್ತಾನೆ. ‘ಪೆನ್‌ಡ್ರೈವ್ ತೆಗೆಯಿರಿ’ ಎಂಬುದೂ ಅಷ್ಟೇ ಅಪಾಯದ ಮಾತು: ಕಂಪ್ಯೂಟರಿನಿಂದ ಕಳಚಬೇಕೋ, ಒಳಗೇನಿದೆ ಎಂದು ತೆರೆದು ನೋಡಬೇಕೋ?

ಇದು ಬರಿಯ ವ್ಯಾಕರಣದ ಕೀಟಲೆಯಲ್ಲ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಹೆಸರಿನಿಂದ ಹರಡಿದ ಹುಳು (ವರ್ಮ್ ಎಂಬ ಬಗೆಯ ಕುತಂತ್ರಾಂಶ) ಒಂದು ಇಮೇಲ್ ಲಗತ್ತಿನ ರೂಪದಲ್ಲಿ ಬರುತ್ತಿತ್ತು. ಲಗತ್ತಿನ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ರೂಢಿಯಂತೆ ಮರೆಮಾಡುತ್ತಿದ್ದುದರಿಂದ ಅದು ಸಾಧಾರಣ ಪಠ್ಯದ ಕಡತದಂತೆ ಕಾಣುತ್ತಿತ್ತು. ತೆರೆಯದಿದ್ದವರಿಗೆ ಏನೂ ಆಗಲಿಲ್ಲ. ತೆರೆದವರ ಚಿತ್ರಗಳ ಜಾಗದಲ್ಲಿ ಅದು ತನ್ನದೇ ಪ್ರತಿಗಳನ್ನು ಬರೆಯಿತು, ಜೊತೆಗೆ ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಂಡಿತು. ತೆರೆಯುವುದಕ್ಕೂ ತೆಗೆದುಹಾಕುವುದಕ್ಕೂ ಇರುವ ದೂರ ಅಷ್ಟು. ಆದ್ದರಿಂದ ನನ್ನ ಕೈಪಿಡಿಯಲ್ಲಿ ಬರಿಯ ‘ತೆಗೆ’ ಎಲ್ಲಿಯೂ ಬರಬಾರದೆಂದು ಗೆರೆ ಎಳೆದಿದ್ದೇನೆ. ಒಂದೋ ‘ತೆರೆ’, ಇಲ್ಲವೇ ‘ತೆಗೆದುಹಾಕು’, ವಸ್ತುವಾದರೆ ‘ಕಳಚು’. ಆಡುಮಾತಿನಲ್ಲಿ ‘ತೆರೆ’ ಎನ್ನುವವರು ಎಷ್ಟು ಜನ ಎಂಬ ಆಕ್ಷೇಪ ಬರಬಹುದು. ಆಡುವವರು ಕಡಿಮೆ ಇರಬಹುದು, ಆದರೆ ತಪ್ಪು ತಿಳಿಯುವವರು ಅದಕ್ಕಿಂತ ಕಡಿಮೆ.

ಎರಡನೆಯದು ‘ಆರಿಸು’. ದೀಪ ಆರಿಸು, ಹಾಲು ಆರಿಸು, ಸದಸ್ಯರನ್ನು ಆರಿಸು. ಕನ್ನಡದ ಮೆನುಗಳಲ್ಲಿ ‘ಕಡತವನ್ನು ಆರಿಸಿ’ ಎಂದರೆ ಆಯ್ದುಕೊಳ್ಳಿ ಎಂದರ್ಥ. ಅದೇ ಪುಟದಲ್ಲಿ ‘ಕಂಪ್ಯೂಟರನ್ನು ಆರಿಸಿ’ ಎಂದು ಬರೆದರೆ ಹೊಸ ಕಂಪ್ಯೂಟರ್ ಕೊಳ್ಳುವ ಸಲಹೆಯಂತೆ ಕೇಳುತ್ತದೆ. ‘ಮುಚ್ಚಿ’ ಎಂದರೆ ಲ್ಯಾಪ್‌ಟಾಪಿನ ಮುಚ್ಚಳ ಹಾಕುತ್ತಾರೆ. ಆಗ ಯಂತ್ರ ಸಾಮಾನ್ಯವಾಗಿ ನಿದ್ರಿಸುತ್ತದೆ, ನಿಲ್ಲುವುದಿಲ್ಲ. ‘ಸ್ಥಗಿತಗೊಳಿಸಿ’ ಸರಿಯಾಗಿದ್ದರೂ ಸರ್ಕಾರಿ ಸುತ್ತೋಲೆಯ ವಾಸನೆ. ಅಂತೂ ಮೊದಲು ಮಾಡಬೇಕಾದ ಕೆಲಸ ಅದಲ್ಲ. ಮೊದಲು ಇಂಟರ್‌ನೆಟ್ಟಿನಿಂದ, ಅಕ್ಕಪಕ್ಕದ ಯಂತ್ರಗಳ ಜಾಲದಿಂದ ಕಂಪ್ಯೂಟರನ್ನು ಬೇರ್ಪಡಿಸಬೇಕು. ಅದು ಸಾಧ್ಯವಾಗದಿದ್ದರೆ ವಿದ್ಯುತ್ ನಿಲ್ಲಿಸಬೇಕು. ಇಲ್ಲಿ ‘ಸಂಪರ್ಕ ಕತ್ತರಿಸಿ’ ಎಂದು ಬರೆದರೆ ಅಕ್ಷರಶಃ ಕತ್ತರಿ ಹುಡುಕುವವರು ಇರಲಾರರು, ಆದರೆ ಮೆನುವಿನಲ್ಲಿ ‘ಕತ್ತರಿಸು’ ಎಂಬ ಬೇರೊಂದು ಆಜ್ಞೆ ಇದೆಯಲ್ಲ. ನನಗೆ ‘ಜಾಲದಿಂದ ಕಳಚಿ’ ಇಷ್ಟ. ಕಳಚಿದ್ದನ್ನು ಮತ್ತೆ ತೊಡಿಸಬಹುದು ಎಂಬ ಸೂಚನೆ ಅದರಲ್ಲಿಯೇ ಇದೆ.

ಮೂರನೆಯದು ಒಂದು ಜೋಡಿ: ಅಳಿಸಿ, ಉಳಿಸಿ. ಮೊದಲ ಅಕ್ಷರವೊಂದನ್ನು ಬಿಟ್ಟರೆ ಎರಡೂ ಒಂದೇ, ಅರ್ಥ ಮಾತ್ರ ಉತ್ತರ ದಕ್ಷಿಣ. ಕನ್ನಡ ತಂತ್ರಾಂಶಗಳಲ್ಲಿ ಇವೆರಡೂ ಬೇರೂರಿರುವುದರಿಂದ ಬದಲಿಸುವ ಹುಮ್ಮಸ್ಸು ನನಗಿಲ್ಲ. ಅಕ್ಕಪಕ್ಕದಲ್ಲಿ ಇಡಬಾರದು, ಅಷ್ಟೇ. ‘ಅಳಿಸು’ ಎಂಬುದಕ್ಕೆ ಕಣ್ಣೀರು ಹಾಕಿಸು ಎಂಬ ಅರ್ಥವೂ ಇದೆ ಎಂದು ಯಾರಾದರೂ ನೆನಪಿಸುವ ಮೊದಲು ನಾನೇ ಹೇಳಿಬಿಡುತ್ತೇನೆ: ಪ್ರತಿ ಇಟ್ಟುಕೊಳ್ಳದವರ ಮಟ್ಟಿಗೆ ಎರಡು ಅರ್ಥಗಳೂ ಒಟ್ಟಿಗೇ ಸಲ್ಲುತ್ತವೆ.

ನಾಮಪದಗಳ ಬಗ್ಗೆ ಎರಡು ಮಾತು. 1984ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ ತಮ್ಮ ಪ್ರಬಂಧದಲ್ಲಿ ವಿವರಿಸಿದ ವೈರಸ್ ಎಂದರೆ ಇನ್ನೊಂದು ಪ್ರೋಗ್ರಾಮಿನೊಳಗೆ ತನ್ನ ಪ್ರತಿಯನ್ನು ಸೇರಿಸಿಕೊಂಡು ಹರಡುವಂಥದ್ದು. 1988ರ ನವೆಂಬರಿನಲ್ಲಿ ಇಂಟರ್‌ನೆಟ್ಟನ್ನು ಕಂಗೆಡಿಸಿದ ಮಾರಿಸ್ ಹುಳು ಯಾರ ಬೆನ್ನನ್ನೂ ಏರದೆ ಜಾಲದಲ್ಲಿ ತಾನೇ ನಡೆದುಹೋಗುವ ಜಾತಿ. ಮೂರನೆಯದು ಉಪಕಾರಿಯ ಸೋಗಿನಲ್ಲಿ ಒಳಬರುವ ಟ್ರೋಜನ್, ಇದಕ್ಕೆ ನಮ್ಮ ‘ಗೋಮುಖವ್ಯಾಘ್ರ’ ಹೇಳಿಮಾಡಿಸಿದಂತಿದೆ. ಇವೆಲ್ಲಕ್ಕೂ ಹೊದಿಕೆಯಾಗಿ ‘ಕುತಂತ್ರಾಂಶ’ ಚೆನ್ನಾಗಿದೆ. ಕು ಎಂಬುದನ್ನು ತಂತ್ರಾಂಶಕ್ಕೆ ಸೇರಿಸಿ ಓದಿದರೂ ಸರಿ, ಕುತಂತ್ರದ ಅಂಶ ಎಂದು ಬಿಡಿಸಿದರೂ ಸರಿ. ಆದರೆ ಗಾಬರಿಯಲ್ಲಿರುವವನು ಕೇಳುವುದು ‘ವೈರಸ್ಸಾ?’ ಎಂದೇ. ಹಾಗಾಗಿ ಶೀರ್ಷಿಕೆಯಲ್ಲಿ ವೈರಸ್, ವಿವರಣೆಯಲ್ಲಿ ಕುತಂತ್ರಾಂಶ. ವೈರಾಣುವನ್ನು ವೈದ್ಯರಿಗೆ ಬಿಟ್ಟುಕೊಡೋಣ.

ವಿಭಕ್ತಿಯ ವಿಚಾರ ಇದಕ್ಕಿಂತ ಸ್ವಾರಸ್ಯದ್ದು. ‘ಕಂಪ್ಯೂಟರಿಗೆ ವೈರಸ್ ಬಂದಿದೆ’ ಎನ್ನುತ್ತೇವೆ, ನನಗೆ ಜ್ವರ ಬಂದಿದೆ ಎನ್ನುವ ಹಾಗೆ. ಚತುರ್ಥಿ ಹಚ್ಚಿದೊಡನೆ ಇಡೀ ಯಂತ್ರವೇ ಕಾಯಿಲೆಗೆ ಬಿದ್ದಂತಾಗುತ್ತದೆ, ಮುಂದಿನ ಯೋಚನೆ ನೇರವಾಗಿ ‘ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಸಿಬಿಡೋಣ’ ಎಂಬಲ್ಲಿಗೆ ಹೋಗುತ್ತದೆ. ಸ್ವಂತ ಕಡತಗಳು ಕಳೆದುಹೋಗುವುದು ಎಷ್ಟೋ ಸಲ ವೈರಸ್ಸಿನಿಂದಲ್ಲ, ಈ ಆತುರದ ಚಿಕಿತ್ಸೆಯಿಂದ. ‘ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂದು ಸಪ್ತಮಿಯಲ್ಲಿ ಹೇಳಿ ನೋಡಿ, ಎಲ್ಲಿದೆ, ಯಾವ ಕಡತದಲ್ಲಿದೆ, ಯಾವ ಫೋಲ್ಡರಿನಲ್ಲಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದೇ ಬೇಕಾದ ಪ್ರಶ್ನೆ. ಎಚ್ಚರಿಕೆಯ ಕಿಟಕಿಯಲ್ಲಿ ಕಡತದ ಹೆಸರು, ದಾರಿ, ಪತ್ತೆಯಾದ ಕುತಂತ್ರಾಂಶದ ಹೆಸರು ಸಾಮಾನ್ಯವಾಗಿ ಇರುತ್ತವೆ. ಅದನ್ನು ಬರೆದಿಟ್ಟುಕೊಂಡವನಿಗೆ ಸಹಾಯ ಮಾಡುವುದು ಸುಲಭ.

‘ಸೋಂಕಿತ ಕಡತ’ದ ಬಗ್ಗೆ ಅಭಿಪ್ರಾಯ ಬೇಕು. ಸೋಂಕು ಅಚ್ಚಗನ್ನಡ, ಮುಟ್ಟು ಎಂಬ ಅರ್ಥದ್ದು. ಅದಕ್ಕೆ ಸಂಸ್ಕೃತದ ‘ಇತ’ ಅಂಟಿಸಿದ್ದಕ್ಕೆ ಪಂಡಿತರು ಮೂಗು ಮುರಿಯುತ್ತಾರೆ. ನನ್ನ ತಕರಾರು ಬೇರೆ. ಕೊರೊನಾ ಕಾಲದ ಪತ್ರಿಕೆಗಳಿಂದಾಗಿ ‘ಸೋಂಕಿತ’ ಎಂದರೆ ಮನುಷ್ಯನೇ ಕಣ್ಣ ಮುಂದೆ ಬರುತ್ತಾನೆ, ಅವನು ಗುಣವಾಗುತ್ತಾನೆ ಎಂಬ ನಿರೀಕ್ಷೆಯೂ ಅವನ ಜೊತೆಯಲ್ಲಿಯೇ ಬರುತ್ತದೆ. ಕಡತದ ವಿಷಯದಲ್ಲಿ ಈ ನಿರೀಕ್ಷೆ ಸುಳ್ಳಾಗುವುದು ಒತ್ತೆಹಣ ಕೇಳುವ ಕುತಂತ್ರಾಂಶಗಳಲ್ಲಿ. 1989ರಲ್ಲಿಯೇ ಏಡ್ಸ್ ಮಾಹಿತಿಯ ಹೆಸರಿನಲ್ಲಿ ಅಂಚೆಯಿಂದ ಹಂಚಿದ ಫ್ಲಾಪಿಗಳಲ್ಲಿ ಇಂಥದ್ದೊಂದಿತ್ತು. ಅದು ಕಡತಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ, ಪನಾಮಾದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರ್ ಕಳುಹಿಸಲು ಹೇಳುತ್ತಿತ್ತು. 2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಕಡತಗಳ ಒಳಗನ್ನೇ ಗೂಢಲಿಪಿಗೆ ತಿರುಗಿಸಿ ಬಿಟ್‌ಕಾಯಿನ್ ರೂಪದಲ್ಲಿ 300 ಡಾಲರ್ ಕೇಳಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಿನಲ್ಲಿಯೇ ಬಿಡುಗಡೆ ಮಾಡಿತ್ತು ಎಂಬುದನ್ನೂ ಕೈಪಿಡಿಯಲ್ಲಿ ಹೇಳಲಿದ್ದೇನೆ.

ಇಂಥ ಸಂದರ್ಭದಲ್ಲಿ ಕುತಂತ್ರಾಂಶವನ್ನು ತೆಗೆದುಹಾಕಿದ ಮಾತ್ರಕ್ಕೆ ಕಡತಗಳು ಮರಳುವುದಿಲ್ಲ. ಕಳ್ಳನನ್ನು ಮನೆಯಿಂದ ಓಡಿಸಿದರೂ ಅವನು ಜಡಿದ ಬೀಗ ಹಾಗೆಯೇ ಇರುತ್ತದೆ. ಹಾಗಾಗಿ ಇಲ್ಲಿ ಸೋಂಕಿನ ಭಾಷೆ ಬಿಟ್ಟು ಬೀಗದ ಭಾಷೆ ಹಿಡಿಯುವುದು ಒಳ್ಳೆಯದು ಎಂಬುದು ನನ್ನ ವಾದ: ‘ಬೀಗ ಬಿದ್ದ ಕಡತ’, ‘ಕೀಲಿ’. ಕೆಲವು ಬೀಗಗಳಿಗೆ ಕೀಲಿಗಳು ಸಿಕ್ಕಿವೆ. ಯುರೋಪಿನ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಮತ್ತು ಡಚ್ ಪೊಲೀಸರು ಇತರರೊಡನೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆ ಅವನ್ನು ಉಚಿತವಾಗಿ ಕೊಡುತ್ತದೆ. ಆದ್ದರಿಂದ ಬೀಗ ಬಿದ್ದ ಕಡತಗಳನ್ನು ಅಳಿಸದೆ ಎತ್ತಿಡಬೇಕು. ‘ಸೋಂಕಿತ’ ಎಂದು ಕರೆದರೆ ಯಾರು ತಾನೇ ಎತ್ತಿಟ್ಟಾರು?

ಕ್ವಾರಂಟೈನ್‌ಗೆ ‘ಪ್ರತ್ಯೇಕಿಸು’ ಎಂದು ಬರೆಯುವ ರೂಢಿ ಇದೆ. ಅದಕ್ಕೆ ವಿರುದ್ಧಪದ ಹುಡುಕಿದರೆ ‘ಅಪ್ರತ್ಯೇಕಿಸು’ ಎಂಬ ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತು ದೊರೆಯುತ್ತದೆ. ವೈರಸ್ ನಿರೋಧಕವು ಅನುಮಾನದ ಕಡತವನ್ನು ಅಳಿಸದೆ, ಕೆಲಸ ಮಾಡಲಾರದಂತೆ ಮಾಡಿ ಬೇರೆಡೆ ಇಡುತ್ತದೆ. ಬೇಕೆಂದರೆ ವಾಪಸು ತರಬಹುದು. ‘ಸೆರೆಯಲ್ಲಿಡು, ಬಿಡುಗಡೆ ಮಾಡು’ ಎಂಬ ಜೋಡಿ ಇದಕ್ಕೆ ಸಲೀಸಾಗಿ ಹೊಂದುತ್ತದೆ. ಸೆರೆ ಎಂದೊಡನೆ ಅಪರಾಧ ಸಾಬೀತಾದಂತೆ ಕೇಳುತ್ತದೆ ಎಂಬ ಅಳುಕೂ ಇದೆ. ನಿರಪರಾಧಿಗಳು ಸಿಕ್ಕಿಬೀಳುವುದುಂಟು: 2010ರ ಏಪ್ರಿಲ್‌ನಲ್ಲಿ ಮಕಾಫಿ ಎಂಬ ವೈರಸ್ ನಿರೋಧಕದ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವನ್ನೇ ವೈರಸ್ ಎಂದು ಹಿಡಿದು, ಕಂಪ್ಯೂಟರುಗಳು ಮತ್ತೆ ಮತ್ತೆ ತಾವಾಗಿ ಮರುಪ್ರಾರಂಭವಾಗುವಂತೆ ಮಾಡಿತು. ‘ವಿಚಾರಣಾಧೀನ ಕಡತ’ ಎಂದರೆ ಅತಿಯಾದೀತೇ? ನಗಬಹುದು, ಆದರೆ ಅರ್ಥ ಕರಾರುವಾಕ್ಕಾಗಿದೆ.

ಇನ್ನು ಬ್ಯಾಕಪ್. ‘ಮೀಸಲು ಪ್ರತಿ’ ಎಂಬ ನಾಮಪದ ಸರಿ, ಆದರೆ ಕ್ರಿಯಾಪದ? ನನಗೆ ಹೊಳೆದದ್ದು ‘ಕಾಪಿಡು’. ಕಾಪು ಎಂದರೆ ರಕ್ಷಣೆ. ಗೊತ್ತಿಲ್ಲದವರು ‘ಕಾಪಿ ಇಡು’ ಎಂದು ಓದಿಕೊಂಡರೂ ಮಾಡಬೇಕಾದದ್ದನ್ನೇ ಮಾಡುತ್ತಾರೆ, ಇಂಥ ಅದೃಷ್ಟ ಪದಗಳಿಗೆ ಅಪರೂಪ. ತೊಡಕಿರುವುದು ಸಿಂಕ್ ಎಂಬುದರಲ್ಲಿ, ಅಂದರೆ ಎರಡು ಕಡೆಯ ಫೋಲ್ಡರುಗಳನ್ನು ಸದಾ ಒಂದೇ ರೀತಿ ಇಡುವುದರಲ್ಲಿ. ‘ಸಮಕಾಲಿಕಗೊಳಿಸು’ ಎಂದರೆ ಪ್ರತಿ ಇಟ್ಟಂತಾಯಿತೆಂದು ಜನ ನಿಶ್ಚಿಂತರಾಗುತ್ತಾರೆ. ಸಿಂಕ್ ಮಾಡಿದ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಬೀಗ ಬಿದ್ದದ್ದಕ್ಕೆ ಅಲ್ಲಿಯೂ ಬೀಗ. ಹಳೆಯ ಆವೃತ್ತಿಗಳನ್ನು ಕೆಲವು ಕಾಲ ಇಟ್ಟುಕೊಳ್ಳುವ ಸೇವೆಗಳಿವೆ ಎಂಬುದೊಂದು ಸಮಾಧಾನ. ಕಾಪಿಟ್ಟದ್ದು ಎನ್ನಬೇಕಾದರೆ ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಬೇರೆ ಜಾಗದಲ್ಲಿ ಎಂಬುದು ಬಲ್ಲವರು ಹೇಳುವ ಲೆಕ್ಕ. ಅವುಗಳಲ್ಲಿ ಒಂದಾದರೂ ಕಂಪ್ಯೂಟರಿಗೆ ಸದಾ ಸಿಕ್ಕಿಸಿರದ ಡಿಸ್ಕಿನಲ್ಲಿರಬೇಕು. ಅನುಮಾನವಿರುವಾಗ ಆ ಡಿಸ್ಕನ್ನು ತಂದು ಸಿಕ್ಕಿಸಲೂಬಾರದು. ಸಿಂಕ್‌ಗೆ ಈ ಸುಳ್ಳು ಭರವಸೆ ಕೊಡದ ಕನ್ನಡ ಕ್ರಿಯಾಪದ ಯಾವುದು?

ಪಕ್ಕದಲ್ಲಿಯೇ ಇನ್ನೊಂದು: ಇದ್ದ ಕಡತದ ಮೇಲೆಯೇ ಹೊಸದನ್ನು ಬರೆದು ಹಳೆಯದನ್ನು ಇಲ್ಲವಾಗಿಸುವುದು. ‘ಮೇಲ್ಬರೆ’ ಎಂದರೆ ತಲೆಬರಹದಂತೆ ಕೇಳುತ್ತದೆ. ಕಡತ ಎಂಬ ಪದದ ಮೂಲದಲ್ಲಿಯೇ ಉತ್ತರವಿರಬಹುದು. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದ ಹಳೆಯ ಕಡತವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ‘ಒರೆಸಿ ಬರೆ’ ಎನ್ನಬಹುದೇ?

ಕೊನೆಯದು, ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿರುವುದು: ‘ಮರುಸ್ಥಾಪಿಸು’ ಮತ್ತು ‘ಮರುಹೊಂದಿಸು’. ಮೊದಲನೆಯದು ಕಾಪಿಟ್ಟ ಪ್ರತಿಯಿಂದ ಕಡತಗಳನ್ನು ಮರಳಿ ತರುತ್ತದೆ. ಎರಡನೆಯದು, ಮೊಬೈಲಿನ ಸೆಟ್ಟಿಂಗ್‌ಗಳಲ್ಲಿ, ಎಲ್ಲವನ್ನೂ ಅಳಿಸಿ ಸಾಧನವನ್ನು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಒಯ್ಯುತ್ತದೆ. ವಿಂಡೋಸ್ ವ್ಯವಸ್ಥೆಯ ಮರುಸ್ಥಾಪನೆ ಮೂರನೆಯದೇ ಒಂದು ಬಗೆ, ಅದು ಸೆಟ್ಟಿಂಗ್‌ಗಳನ್ನು ಹಿಂದಕ್ಕೆ ಒಯ್ಯುತ್ತದೆಯೇ ಹೊರತು ಹೋದ ಫೋಟೊಗಳನ್ನು ತರುವುದಿಲ್ಲ. ಎಲ್ಲದರ ತಲೆಯ ಮೇಲೂ ‘ಮರು’ ಕೂತಿದೆ. ಮೊದಲನೆಯದಕ್ಕೆ ‘ಮರಳಿ ತನ್ನಿ’ ಎಂದು ಬರೆಯುತ್ತೇನೆ. ಎರಡನೆಯದಕ್ಕೆ ‘ಬರಿದುಮಾಡಿ’ ಎಂದು ಬರೆದರೆ ಕನಿಷ್ಠ ಬೆರಳು ತಡವರಿಸೀತು ಎಂಬ ಆಸೆ, ಆದರೆ ಓದುಗನ ಪರದೆಯ ಮೇಲೆ ಕಾಣುವ ಪದ ‘ಮರುಹೊಂದಿಸು’ ಆಗಿರುವಾಗ ಕೈಪಿಡಿಯಲ್ಲಿ ಬೇರೆ ಪದ ಬಳಸುವುದು ಸರಿಯೇ? ಪರದೆಯ ಪದವನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ಪಕ್ಕದಲ್ಲಿ ನಮ್ಮ ಪದವನ್ನು ಇಡುವ ಕ್ರಮ ಯಾರಾದರೂ ಅನುಸರಿಸಿದ್ದರೆ, ಓದುಗರಿಗೆ ಅದು ಹೇಗೆ ಒಗ್ಗಿತು ಎಂದು ತಿಳಿಸಿ.