ಅಪ್‌ಡೇಟ್: ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಸಾರು) ಬಿಟ್ಟ ಮೇಲಿನ ಪ್ರೊಟೀನ್ ಲೆಕ್ಕ

ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಟ್ಟಿದ್ದೇನೆ, ಕೊಡಗಿನ ಮನೆ ಊಟದಲ್ಲೇ ಪ್ರೊಟೀನ್ ಸಾಕಾಗುತ್ತಾ ಅಂತ ಕೇಳಿದ್ದೆ. ಸಾಕಾಗುತ್ತಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. ನಾನು 60 ಕೆಜಿ, ಅಂದರೆ ಸುಮಾರು 50 ಗ್ರಾಂ. ನೆಂಟರೆಲ್ಲ ಹೇಳಿದ್ದು ಬೈಂಬಳೆ (ಕಳಲೆ, ಅಂದರೆ ಎಳೆ ಬಿದಿರು), ಅಣಬೆ ತಿನ್ನು ಅಂತ. ರುಚಿಗೆ ಎರಡೂ ಸೈ, ಆದರೆ ಹಸಿ ಅಣಬೆಯಲ್ಲಿ 100 ಗ್ರಾಂಗೆ ಮೂರು ಗ್ರಾಂ ಆಸುಪಾಸು ಪ್ರೊಟೀನ್ ಅಷ್ಟೇ. ಕಳಲೆಯದೂ ಅದೇ ಕಥೆ. ಒಣ ಹುರುಳಿ, ಅಲಸಂದೆಯಲ್ಲಾದರೆ 20 ಗ್ರಾಂಗೂ ಜಾಸ್ತಿ. ಪ್ರೊಟೀನಿನ ಒಂದು ಅಗತ್ಯ ಭಾಗವಾದ ಲೈಸಿನ್ ಅಕ್ಕಿಯಲ್ಲಿ ಕಡಿಮೆ, ಕಾಳಲ್ಲಿ ಅದು ಧಾರಾಳ. ಹಾಗಾಗಿ ಅಕ್ಕಿ ಒಟ್ಟಿ (ರೊಟ್ಟಿ) ಜೊತೆ ಹುರುಳಿ, ನೂಪುಟ್ಟಿಗೆ (ಅಕ್ಕಿ ಶಾವಿಗೆ) ಕಡಲೆ ಕರಿ. ಒಂದೇ ಹೊತ್ತಿಗೆ ಎರಡೂ ಇರಲೇಬೇಕು ಅಂತಿಲ್ಲ, ದಿನದಲ್ಲಿ ಬಂದರೆ ಸಾಕು.

ನಿಜವಾಗಿ ಕೈ ಹಿಡಿದಿದ್ದು ಸೋಯಾ ಚಂಕ್ಸ್. ಒಣದರಲ್ಲಿ 100 ಗ್ರಾಂಗೆ ಸುಮಾರು 50 ಗ್ರಾಂ ಪ್ರೊಟೀನ್. ಬಿಸಿ ನೀರಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಇನ್ನೊಂದು ನೀರಲ್ಲಿ ತೊಳೆದು ಮತ್ತೆ ಹಿಂಡಬೇಕು. ಇಲ್ಲದಿದ್ದರೆ ವಾಸನೆ ಹೋಗಲ್ಲ. ಆಮೇಲೆ ಪಂದಿ ಕರಿಯದೇ ಮಸಾಲೆ: ಕಪ್ಪಾಗುವಷ್ಟು ಹುರಿದ ಕೊತ್ತಂಬರಿ, ಜೀರಿಗೆ, ಮೆಣಸು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಕೊನೆಗೆ. ಅವ್ವ ಎರಡು ಸಲ ಬಡಿಸಿಕೊಂಡರು, "ಇದು ಪಂದಿ ಅಲ್ಲ" ಅಂತ ಹೇಳುತ್ತಲೇ!

ವಿಟಮಿನ್ ಬಿ12 ಮಾತ್ರ ಕಾಳು, ಸೊಪ್ಪಿನಿಂದ ಸಿಗಲ್ಲ. ಅದಕ್ಕೆ ಡಾಕ್ಟರ್ ಹೇಳಿದ ಮಾತ್ರೆ ನಡೀತಿದೆ.