ನಮ್ಮ ಖಾರದ ಪುಡಿ ಹೆಸರಲ್ಲಿ ನಕಲಿ ಪೇಜ್, ಮೇಲೆ ಅಪಪ್ರಚಾರದ ವಿಡಿಯೊ. ಯಾವ ಸೆಕ್ಷನ್ ಹಾಕಿಸಬೇಕು?

ಬ್ಯಾಡಗಿ_ಖಾರ | ಸೋಮವಾರ, ರಾತ್ರಿ 10:40
ತಲೆ ಕೆಟ್ಟು ಹೋಗಿದೆ. ನಮ್ಮ ಹೆಸರಲ್ಲಿ ಯಾರೋ ಪೇಜ್ ನಡೆಸುತ್ತಿದ್ದಾರೆ. ನಮ್ಮದೇ ಪಾಕೀಟಿನ ಫೋಟೋ, ನಮ್ಮದೇ ಗಿರಣಿಯ ಫೋಟೋ. ಕೆಜಿಗೆ ನಮಗಿಂತ 200 ರೂಪಾಯಿ ಕಡಿಮೆ ಅಂತ ಹಾಕಿ, ಅರ್ಧ ರೊಕ್ಕ ಮುಂಗಡ ಕೇಳಿ ಕ್ಯೂಆರ್ ಕಳಿಸುತ್ತಾರೆ. ಮಾಲು ಯಾರಿಗೂ ಹೋಗಲ್ಲ, ಬೈಗುಳ ಮಾತ್ರ ನನಗೆ ಬರುತ್ತೆ. ನಿನ್ನೆ ರಾಣೆಬೆನ್ನೂರಿನವರೊಬ್ಬರು ಗಿರಣಿ ಬಾಗಿಲಿಗೇ ಬಂದು ಜಗಳ ಮಾಡಿ ಹೋದರು. ಇದು ಸಾಲದು ಅಂತ, ನಾವು ಪುಡಿಗೆ ಬಣ್ಣ ಬೆರೆಸ್ತೀವಿ ಅಂತ ಒಂದು ವಿಡಿಯೊ ಬೇರೆ. ರಿಪೋರ್ಟ್ ಮಾಡಿ ಮಾಡಿ ಸಾಕಾಯ್ತು. ಯಾವ ಸೆಕ್ಷನ್? ಬೇಗ ಹೇಳಿ.

ಗದಗ_ಗಿರಣಿ | ರಾತ್ರಿ 10:58
ಯಾವ ಆ್ಯಪ್? ರಿಪೋರ್ಟ್ ಅಂದ್ರೆ ಏನು ಒತ್ತಿದ್ರಿ? ವಿಡಿಯೊ ಹಾಕಿದ್ದು ಅದೇ ಪೇಜಾ, ಬೇರೆಯವರಾ?

ಹಳೇಹುಬ್ಬಳ್ಳಿ_ಮಸಾಲಾ | ರಾತ್ರಿ 11:05
ಇದು ಟ್ರೇಡ್‌ಮಾರ್ಕ್ ವಿಷಯ, ಬೇರೆ ಏನೂ ಅಲ್ಲ. ಹೆಸರು ರಿಜಿಸ್ಟರ್ ಆಗಿದೆಯಾ? ಆಗಿಲ್ಲ ಅಂದ್ರೆ ನಾಳೆನೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಸಣ್ಣ ಉದ್ಯಮಕ್ಕೆ 4,500 ರೂಪಾಯಿ ಫೀ. ನಾನು ಮಾಡಿಸಿಕೊಂಡಿದ್ದೇನೆ, ಈಗ ನಿಶ್ಚಿಂತೆ.

ಬ್ಯಾಡಗಿ_ಖಾರ | ರಾತ್ರಿ 11:20
ಇನ್‌ಸ್ಟಾಗ್ರಾಂ, ಮತ್ತೇನು. 'ಸುಳ್ಳು ಮಾಹಿತಿ' ಅಂತ ಒತ್ತಿದೆ. ತಂಗಿ, ಅಳಿಯ, ಗಿರಣಿ ಹುಡುಗರು ಎಲ್ಲರೂ ಒತ್ತಿದರು. ವಿಡಿಯೊ ಬೇರೆ ಅಕೌಂಟಿನದು. ರಿಜಿಸ್ಟರ್ ಇಲ್ಲ. ಆನ್‌ಲೈನ್‌ನಲ್ಲಿ ಕೆಟ್ಟದಾಗಿ ಬರೆದವರ ಮೇಲೆ ಐಟಿ ಕಾಯ್ದೆಯ 66ಎ ಹಾಕಿಸಿದ್ರೆ ಆಗುತ್ತಂತೆ, ಪಕ್ಕದ ಅಡತಿ ಅಂಗಡಿಯವರು ಹೇಳಿದರು.

ರೊಟ್ಟಿ_ಮಷೀನ್_ಧಾರವಾಡ | ಮಂಗಳವಾರ, ಬೆಳಿಗ್ಗೆ 6:15
66ಎ ಹೆಣ ಎತ್ತಬೇಡಿ ಅಣ್ಣಾ. 2015ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ.
ನಾನು ವಕೀಲ ಅಲ್ಲ. 9 ವರ್ಷ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡಿ ಈಗ ರೊಟ್ಟಿ ಮಷೀನ್ ಇಟ್ಟುಕೊಂಡಿದ್ದೇನೆ. ಅಷ್ಟು ಅನುಭವದ ಮೇಲೆ ಹೇಳ್ತೀನಿ, ನೀವು ಮೂರು ಜಗಳ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಬಿಚ್ಚಿ.
ಪೇಜ್: ಬೇರೆಯವರ ಗುರುತು ಬಳಸಿದ್ದಕ್ಕೆ ಐಟಿ ಕಾಯ್ದೆ 66ಸಿ, ಬೇರೆಯವರಂತೆ ನಟಿಸಿ ಮೋಸ ಮಾಡಿದ್ದಕ್ಕೆ 66ಡಿ. ಎರಡಕ್ಕೂ 3 ವರ್ಷದವರೆಗೆ ಶಿಕ್ಷೆ, 1 ಲಕ್ಷದವರೆಗೆ ದಂಡ. ಜೊತೆಗೆ ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ) 319, ಅದೂ ಬೇರೆಯವರಂತೆ ನಟಿಸಿ ಮೋಸ ಮಾಡಿದ್ದಕ್ಕೇ. ಇದಕ್ಕೆ ಪೊಲೀಸರು ನೇರ ಎಫ್‌ಐಆರ್ ಮಾಡಬಹುದು. ಹಾವೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಿ.
ರೊಕ್ಕ: ಅದು ಕಳೆದುಕೊಂಡವರ ದೂರು, ನಿಮ್ಮದಲ್ಲ. ರಾಣೆಬೆನ್ನೂರಿನವರಿಗೆ ಫೋನ್ ಮಾಡಿ, ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಬೇಗ ಹೇಳಿದಷ್ಟು ರೊಕ್ಕ ಮುಂದಿನ ಖಾತೆಗೆ ಜಾರದಂತೆ ತಡೆಯೋಕೆ ಅವಕಾಶ ಜಾಸ್ತಿ. ಅವರು ರೊಕ್ಕ ಹಾಕಿದ ವ್ಯವಹಾರದ ಯುಟಿಆರ್ ನಂಬರ್, ಆ ಯುಪಿಐ ಐಡಿ ಇಸಿದುಕೊಳ್ಳಿ. ಬಾಗಿಲಿಗೆ ಬಂದು ಬೈದವರೇ ನಿಮ್ಮ ದೊಡ್ಡ ಸಾಕ್ಷಿ, ಅವರ ಜೊತೆ ಜಗಳ ಆಡಬೇಡಿ.
ವಿಡಿಯೊ: ಇದು ಮಾನಹಾನಿ, ಬಿಎನ್‌ಎಸ್ 356. ಇದಕ್ಕೆ ಠಾಣೆಯಲ್ಲಿ ಎಫ್‌ಐಆರ್ ಆಗಲ್ಲ. ನೀವೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಹಾಕಬೇಕು. ಪರಿಹಾರ ಬೇಕು ಅಂದ್ರೆ ಸಿವಿಲ್ ದಾವೆ, ಅದಕ್ಕೆ ವಿಡಿಯೊ ಬಂದ ದಿನದಿಂದ 1 ವರ್ಷ ಅಷ್ಟೇ ಗಡುವು. ಆ ಮೇಲೆ ಎಷ್ಟು ಅತ್ತರೂ ಇಲ್ಲ.

ಹಳೇಹುಬ್ಬಳ್ಳಿ_ಮಸಾಲಾ | ಬೆಳಿಗ್ಗೆ 7:02
ಎಲ್ಲ ಸರಿ, ಟ್ರೇಡ್‌ಮಾರ್ಕ್ ಇದ್ದಿದ್ರೆ ಇದ್ಯಾವುದೂ ಬೇಕಿರಲಿಲ್ಲ.

ಗದಗ_ಗಿರಣಿ | ಬೆಳಿಗ್ಗೆ 7:10
ಟ್ರೇಡ್‌ಮಾರ್ಕ್ ಇದ್ರೆ ಕಳ್ಳ ಹೆದರಿ ಓಡ್ತಾನಾ ಕಾಕಾ?

ಹಳೇಹುಬ್ಬಳ್ಳಿ_ಮಸಾಲಾ | ಬೆಳಿಗ್ಗೆ 7:14
ಓಡಲ್ಲ. ಆದ್ರೆ ಕೋರ್ಟಿನಲ್ಲಿ ನನ್ನ ಕೈ ಮೇಲಿರುತ್ತೆ. ನಿಮ್ಮದು ಬರೀ ಗಿರಣಿ, ನಿಮಗೆ ಬ್ರ್ಯಾಂಡ್ ಅಂದ್ರೆ ಏನು ಗೊತ್ತು.

ರೊಟ್ಟಿ_ಮಷೀನ್_ಧಾರವಾಡ | ಬೆಳಿಗ್ಗೆ 7:40
ಕಾಕಾ ಹೇಳೋದ್ರಲ್ಲಿ ಅರ್ಧ ಸರಿ. ರಿಜಿಸ್ಟರ್ ಇಲ್ಲದಿದ್ರೂ 'ಪಾಸಿಂಗ್ ಆಫ್' (ನಮ್ಮ ಹೆಸರು ಹೇಳಿ ತಮ್ಮ ಮಾಲು ಮಾರೋದು) ಅಂತ ದಾವೆ ಹಾಕೋಕೆ ಬರುತ್ತೆ. ಎಷ್ಟು ವರ್ಷದಿಂದ ಆ ಹೆಸರಲ್ಲಿ ಮಾರ್ತಿದ್ದೀರಿ ಅನ್ನೋದಕ್ಕೆ ಬಿಲ್ಲು, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಕಾಗದ ಬೇಕು. ಎದುರಿನವರು ಯಾರು ಅಂತ ಗೊತ್ತಿಲ್ಲದಿದ್ರೆ 'ಅಶೋಕ್ ಕುಮಾರ್' ಮೇಲೆ ತಡೆಯಾಜ್ಞೆ ಕೇಳ್ತಾರೆ.

ಬ್ಯಾಡಗಿ_ಖಾರ | ಬೆಳಿಗ್ಗೆ 8:30
ಯಾರಿ ಅಶೋಕ್ ಕುಮಾರ್? ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ. ಪಾಪದವರು.

ರೊಟ್ಟಿ_ಮಷೀನ್_ಧಾರವಾಡ | ಬೆಳಿಗ್ಗೆ 8:33
ಸುಮ್ನೆ ಇಡುವ ಹೆಸರು ಅಣ್ಣಾ! ಗುರುತು ಸಿಗದ ಎದುರಾಳಿಗೆ ನಮ್ಮ ಕೋರ್ಟುಗಳು ಹಾಗೆ ಕರೆಯುತ್ತವೆ. ಆ ಇಬ್ಬರನ್ನು ಬಿಟ್ಟುಬಿಡಿ.
ಇನ್ನೊಂದು ಮಾತು. ಬಣ್ಣ ಬೆರೆಸಿಲ್ಲ ಅನ್ನೋದಕ್ಕೆ ಲ್ಯಾಬ್ ರಿಪೋರ್ಟ್ ಇದೆಯಾ? ಬ್ಯಾಚ್ ನಂಬರ್ ಸಮೇತ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಮಾಡಿಸಿ. ಹೇಳಿದ್ದು ನಿಜ, ಜನರ ಒಳ್ಳೇದಕ್ಕೆ ಹೇಳಿದೆ ಅಂತ ಅವನು ಸಾಬೀತು ಮಾಡಿದ್ರೆ ಮಾನಹಾನಿ ನಿಲ್ಲಲ್ಲ.

ಕಡ್ಡಿ_ಡಬ್ಬಿ | ಬೆಳಿಗ್ಗೆ 9:12
ಬ್ಯಾಡಗಿಯ ಡಬ್ಬಿ ಜಾತಿ ಮೆಣಸಿನಕಾಯಿಗೆ ಬಣ್ಣ ಯಾಕ್ರೀ ಬೇಕು? ಅದರ ಬಣ್ಣಕ್ಕೇ ಊರಿಂದ ಊರಿಗೆ ಮಂದಿ ಬರ್ತಾರೆ. ಆದ್ರೆ ಬರೀ ಡಬ್ಬಿ ಹಾಕಿದ್ರೆ ಖಾರ ಸಾಲಲ್ಲ, ಸ್ವಲ್ಪ ಗುಂಟೂರು ಬೆರೆಸಲೇಬೇಕು.

ಗದಗ_ಗಿರಣಿ | ಬೆಳಿಗ್ಗೆ 9:20
ಬೆರೆಸಿ, ಆದ್ರೆ ಪಾಕೀಟಿನ ಮೇಲೆ 'ಶುದ್ಧ ಬ್ಯಾಡಗಿ' ಅಂತ ಬರೀಬೇಡಿ. 2011ರಿಂದ ಜಿಐ (ಊರಿನ ಹೆಸರಿನ ಮಾಲಿಗೆ ಕೊಡೋ ಭೌಗೋಳಿಕ ಗುರುತು) ಇದೆ ಅದಕ್ಕೆ.

ಕಡ್ಡಿ_ಡಬ್ಬಿ | ಬೆಳಿಗ್ಗೆ 9:24
ನಾನು ಹಾಗೆ ಬರೀತೀನಿ ಅಂತ ಯಾರು ಹೇಳಿದ್ರು? ನಮ್ಮದು 10 ಎಚ್‌ಪಿ ಪಲ್ವರೈಸರ್, ಎರಡು ಸುತ್ತು ನಡುವೆ ಪುಡಿ ಆರಿಸ್ತೀವಿ. ಬಿಸಿಗೆ ಬಣ್ಣ ಹೋಗಲ್ಲ. ನಿಮ್ಮಲ್ಲಿ ಒಂದೇ ಸುತ್ತಿಗೆ ಪುಡಿ ಕಂದು ಆಗುತ್ತೆ, ನೋಡಿದ್ದೀನಿ.

ಗದಗ_ಗಿರಣಿ | ಬೆಳಿಗ್ಗೆ 9:31
ನಮ್ಮಲ್ಲಿ ಕುಟ್ಟೋದು, ಬೀಸೋದಲ್ಲ. ಕುಟ್ಟಿದ ಪುಡಿ ಮುಂದೆ ನಿಮ್ಮ 10 ಎಚ್‌ಪಿ ಇಟ್ಟು ನೋಡಿ.

ರೊಟ್ಟಿ_ಮಷೀನ್_ಧಾರವಾಡ | ಬೆಳಿಗ್ಗೆ 9:50
ಜಗಳ ಮಾಡಿ, ಬೇಡ ಅನ್ನಲ್ಲ. ಆದ್ರೆ ಬ್ಯಾಡಗಿ ಅಣ್ಣಾ, ನೀವು ಗುಂಟೂರು ಬೆರೆಸ್ತೀರಾ? ಬೆರೆಸಿದ್ರೆ ಪಾಕೀಟಿನ ಮೇಲೆ ಏನಿದೆ? ಎದುರಿನ ವಕೀಲರು ಮೊದಲು ಕೇಳೋದೇ ಇದು.

ಬ್ಯಾಡಗಿ_ಖಾರ | ಮಧ್ಯಾಹ್ನ 1:15
ಬೆರೆಸಿದ ಮಾಲಿಗೆ ಬೇರೆ ಪಾಕೀಟು, 'ಮಿಕ್ಸ್' ಅಂತ ಇದೆ. ಲ್ಯಾಬ್ ರಿಪೋರ್ಟ್ ಹೋದ ವರ್ಷದ್ದಿದೆ. ಅದು ಬಿಡಿ, ಪೇಜ್ ತೆಗೆಸೋದು ಹೇಗೆ?

ಗದಗ_ಗಿರಣಿ | ಮಧ್ಯಾಹ್ನ 1:22
'ಸುಳ್ಳು ಮಾಹಿತಿ' ಅಲ್ಲ, ಬೇರೆಯವರಂತೆ ನಟಿಸುವುದು ಅನ್ನೋ ದೂರು ಬೇರೆ ಇದೆ, ಅದನ್ನು ತುಂಬಿ. ಜೊತೆಗೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮ ಬಂದಾಗ ಇಂಥ ದೂರು ಬಂದ 24 ಗಂಟೆಯಲ್ಲಿ ತೆಗೆಯಬೇಕು ಅಂತ ಇತ್ತು. ಅವರ ಉತ್ತರ ಒಪ್ಪಿಗೆ ಆಗದಿದ್ರೆ 30 ದಿನದೊಳಗೆ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು, ಆನ್‌ಲೈನಲ್ಲೇ.
ಅದಕ್ಕೂ ಮುಂಚೆ ಆ ಪೇಜ್ ತೆರೆದು ಮೂರು ಚುಕ್ಕೆ ಒತ್ತಿ, 'ಈ ಅಕೌಂಟ್ ಬಗ್ಗೆ' ನೋಡಿ. ಯಾವಾಗ ಶುರುವಾಗಿದ್ದು ಅಂತ ಇರುತ್ತೆ.

ಬ್ಯಾಡಗಿ_ಖಾರ | ಮಧ್ಯಾಹ್ನ 1:40
2021 ಮಾರ್ಚ್.

ಗದಗ_ಗಿರಣಿ | ಮಧ್ಯಾಹ್ನ 1:41
ನಿಮ್ಮ ಪೇಜ್?

ಬ್ಯಾಡಗಿ_ಖಾರ | ಮಧ್ಯಾಹ್ನ 1:46
ನಮ್ಮದು ಹೋದ ದೀಪಾವಳಿಗೆ ಮಾಡಿದ್ದು. ಅದು ನಮ್ಮದೇ ಹಳೇ ಪೇಜ್ ಅಲ್ವಾ. ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟು ಹೋದ, ಪಾಸ್‌ವರ್ಡ್ ಅವನ ಹತ್ತಿರ ಉಳಿಯಿತು. ಅದಕ್ಕೇ ಹೊಸದು ಮಾಡಿಕೊಂಡೆವು.

ಕಡ್ಡಿ_ಡಬ್ಬಿ | ಮಧ್ಯಾಹ್ನ 1:48
ಇದನ್ನು ಮೊದಲ ಸಾಲಿನಲ್ಲಿ ಬರೆಯೋದಲ್ವಾ ಮಾರಾಯ್ರೆ!

ಬ್ಯಾಡಗಿ_ಖಾರ | ಮಧ್ಯಾಹ್ನ 1:50
ಊರಿಗೆಲ್ಲ ಗೊತ್ತಿರೋ ವಿಷಯ, ಏನು ಬರೆಯೋದು. ಅವನ ಹೆಸರು, ಫೋನ್ ನಂಬರ್ ಇಲ್ಲೇ ಹಾಕ್ತೀನಿ, ಎಲ್ಲರೂ ಹಂಚಿ.

ರೊಟ್ಟಿ_ಮಷೀನ್_ಧಾರವಾಡ | ಮಧ್ಯಾಹ್ನ 1:52
ಹಾಕಬೇಡಿ! ಹಾಕಿದ್ರೆ 356 ತಿರುಗಿ ನಿಮ್ಮ ಮೇಲೇ ಬೀಳುತ್ತೆ. ಅವನೇ ಮಾಡಿದ ಅಂತ ನಿಮಗೆ ಗೊತ್ತಿಲ್ಲ. ಪಾಸ್‌ವರ್ಡ್ ಬೇರೆಯವರ ಕೈಗೆ ಹೋಗಿರಬಹುದು. ಹೆಸರು ಪೊಲೀಸರಿಗೆ ಹೇಳಿ, ನಮಗಲ್ಲ.
ಈಗ ಆಟ ಬೇರೆ ಆಯ್ತು. ಹಳೇ ಪೇಜ್ ಅದು, ಹೊಸ ಪೇಜ್ ನಿಮ್ಮದು. ಹೊರಗಿನಿಂದ ನೋಡಿದವರಿಗೆ ನಕಲಿ ನೀವೇ! ಮೊದಲು ಹಳೇ ಪೇಜಿಗೆ ಯಾವ ಸಿಮ್, ಯಾವ ಇಮೇಲ್ ಕೊಟ್ಟಿದ್ರಿ ಹುಡುಕಿ. ಸಿಮ್ ನಿಮ್ಮ ಹೆಸರಲ್ಲಿದ್ರೆ ವಾಪಸ್ ಪಡೆಯೋ ದಾರಿ ಇದೆ. ಹುಡುಗನಿಗೆ ಸಂಬಳ ಕೊಟ್ಟ ದಾಖಲೆ, ಪೇಜ್ ಬಗ್ಗೆ ಅವನ ಜೊತೆಗಿನ ವಾಟ್ಸ್‌ಆ್ಯಪ್ ಮಾತು, ಒಂದೂ ಅಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ಲಿಂಕು, ತಾರೀಖು ಕಾಣಬೇಕು.

ಹಳೇಹುಬ್ಬಳ್ಳಿ_ಮಸಾಲಾ | ಮಧ್ಯಾಹ್ನ 2:05
65ಬಿ ಸರ್ಟಿಫಿಕೇಟ್ (ಡಿಜಿಟಲ್ ಸಾಕ್ಷ್ಯದ ಜೊತೆ ಕೊಡೋ ಪ್ರಮಾಣಪತ್ರ) ಇಲ್ಲದೆ ಸ್ಕ್ರೀನ್‌ಶಾಟ್ ಕಸಕ್ಕೆ ಸಮಾನ.

ರೊಟ್ಟಿ_ಮಷೀನ್_ಧಾರವಾಡ | ಮಧ್ಯಾಹ್ನ 2:11
2024ರ ಜುಲೈ 1ರಿಂದ ಅದು 63 ಕಾಕಾ, ಹೊಸ ಸಾಕ್ಷ್ಯ ಕಾಯ್ದೆ. ಎರಡು ಭಾಗ. ಒಂದಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು, ಹ್ಯಾಶ್ ಸಂಖ್ಯೆ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಗುರುತು) ಸಮೇತ. ಫೋಟೋ ತೆಗೆದ ಫೋನ್ ಮಾರಬೇಡಿ.

ಹಳೇಹುಬ್ಬಳ್ಳಿ_ಮಸಾಲಾ | ಮಧ್ಯಾಹ್ನ 2:13
ನಂಬರ್ ಬದಲಾದ್ರೆ ಮಾತು ಬದಲಾಗುತ್ತಾ?

ಬ್ಯಾಡಗಿ_ಖಾರ | 19 ದಿನದ ನಂತರ
ಎಫ್‌ಐಆರ್ ಆಯ್ತು, 66ಸಿ, 66ಡಿ ಎರಡೂ ಇವೆ. ಸಿಮ್ ನನ್ನ ತಂಗಿ ಹೆಸರಲ್ಲಿತ್ತು, ರೀಚಾರ್ಜ್ ಮಾಡದೆ ಬಂದ್ ಆಗಿದೆ. ರಾಣೆಬೆನ್ನೂರಿನವರು ಹೇಳಿಕೆ ಕೊಟ್ಟರು, ಒಳ್ಳೇ ಮನುಷ್ಯ, ಹೋಗುವಾಗ 2 ಕೆಜಿ ಪುಡಿ ತಗೊಂಡು ಹೋದರು. ಪೇಜ್ ಮೊನ್ನೆಯಿಂದ ಕಾಣ್ತಿಲ್ಲ. ವಿಡಿಯೊ ಹಾಗೇ ಇದೆ.

ಗದಗ_ಗಿರಣಿ | ಅದೇ ದಿನ
ಪೇಜ್ ಹೋಗೋ ಮುಂಚೆ ಲಿಂಕ್ ಕಾಪಿ ಮಾಡಿಕೊಂಡಿದ್ರಾ?

ಬ್ಯಾಡಗಿ_ಖಾರ | ಅದೇ ದಿನ
ಅಳಿಯನ ಫೋನ್‌ನಲ್ಲಿರಬೇಕು. ಕೇಳ್ತೀನಿ.

ಕಡ್ಡಿ_ಡಬ್ಬಿ | ಮರುದಿನ
ಎಲ್ಲರೂ ಇದ್ದೀರಿ ಅಂತ ಕೇಳ್ತೀನಿ. ಪಲ್ವರೈಸರ್ ಜಾಲಿ ತಿಂಗಳಿಗೊಮ್ಮೆ ಹರಿಯುತ್ತಿದೆ. ತೊಟ್ಟು ತೆಗೆದೇ ಹಾಕ್ತೀವಿ. ಯಾರಿಗಾದ್ರೂ ಹೀಗಾಗಿದೆಯಾ?