ಅಪ್‌ಡೇಟ್: ಓಡುವಾಗ ಬರುತ್ತಿದ್ದ ತುರಿಕೆ

ಓಡಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ, ಬೆನ್ನೆಲ್ಲ ತುರಿಸುತ್ತದೆ, ಬಿಸಿನೀರಿನ ಸ್ನಾನದಲ್ಲೂ ಹಾಗೇ ಆಗುತ್ತದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸೋಪು ಬದಲಿಸಿ, ಕಾಟನ್ ಬಟ್ಟೆ ಹಾಕಿ ಅಂದವರಿಗೆಲ್ಲ ಥ್ಯಾಂಕ್ಸ್. ಎರಡನ್ನೂ ಮಾಡಿದೆ, ಪ್ರಯೋಜನ ಆಗಲಿಲ್ಲ.

ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದೆ. ತುರಿಕೆ ಬಂದಾಗಲೇ ಫೋಟೋ ತೆಗೆದಿಟ್ಟಿದ್ದು ಒಳ್ಳೆಯದಾಯಿತು. ಕ್ಲಿನಿಕ್ ತಲುಪುವಷ್ಟರಲ್ಲಿ ಗುಳ್ಳೆ ಮಾಯವಾಗಿರುತ್ತವೆ, ಅಲ್ವಾ! 1ರಿಂದ 3 ಮಿಲಿಮೀಟರಿನ ಸಣ್ಣ ಗುಳ್ಳೆ, ಸುತ್ತ ಕೆಂಪು. ಇದು ಕೋಲಿನರ್ಜಿಕ್ ಅರ್ಟಿಕೇರಿಯಾ ಎಂಬ ತುರಿಕೆ ಗುಳ್ಳೆಯ ತೊಂದರೆ ಅಂದರು. ಮೈ ಬಿಸಿಯಾಗಿ ಬೆವರತೊಡಗಿದಾಗ ಚರ್ಮದಲ್ಲಿ ಹಿಸ್ಟಮಿನ್ ಎಂಬ, ತುರಿಕೆ ತರಿಸುವ ರಾಸಾಯನಿಕ ಬಿಡುಗಡೆಯಾಗಿ ಹೀಗಾಗುತ್ತದೆ. ಖಾರದ ಊಟ, ಟೆನ್ಷನ್ ಕೂಡ ಕೆಣಕಬಹುದಂತೆ. (ಆಫೀಸ್ ಮೀಟಿಂಗಲ್ಲಿ ಕತ್ತು ತುರಿಸುತ್ತಿದ್ದುದಕ್ಕೂ ಇದೇ ಕಾರಣ ಇರಬೇಕು.)

ನಿದ್ದೆ ಜಾಸ್ತಿ ಬರಿಸದ ಅಲರ್ಜಿ ಮಾತ್ರೆ ಬರೆದುಕೊಟ್ಟರು. ಈಗ ಬಿಸಿಲೇರುವ ಮುಂಚೆ, ನಿಧಾನವಾಗಿ ಓಡುತ್ತೇನೆ. ತುರಿಕೆ ಪೂರ್ತಿ ಹೋಗಿಲ್ಲ, ಆದರೆ ಓಟ ನಿಲ್ಲಿಸುವಷ್ಟಿಲ್ಲ.

ಒಂದು ಮಾತನ್ನು ಡಾಕ್ಟರು ಒತ್ತಿ ಹೇಳಿದರು. ಓಡುವಾಗ ಉಸಿರು ಕಟ್ಟಿದರೆ, ತುಟಿ ಅಥವಾ ಗಂಟಲು ಊದಿದರೆ, ತಲೆ ಸುತ್ತಿದರೆ ಅದು ಬರೀ ತುರಿಕೆಯಲ್ಲ. ಅಲ್ಲೇ ನಿಂತು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ಗೋಧಿ ತಿಂದು ವ್ಯಾಯಾಮ ಮಾಡಿದರೆ ಮಾತ್ರ ಹಾಗಾಗುತ್ತದಂತೆ. ಚಪಾತಿ ತಿಂದು ಸಂಜೆ ಓಡುವವರು ಗಮನಿಸಿ.